ಮೀಟರಿಗೆ ತುಸು ಕಡಿಮೆ

ಮೊದಲು ಬಂದದ್ದು ವಾಸನೆ.
ಹಳಸಿದ ಪಾಕದ ಹಾಗೆ, ಬಾಯಿಗೆ ಬೇಡವಾದ ಸಿಹಿ.
ಆಮೇಲೆ ಮುಂಗಾಜಿಗೆ ಒಳಗಿನಿಂದ ಜಿಡ್ಡು ಮಂಜು,
ಒರೆಸಿದಷ್ಟೂ ಹರಡುವಂಥದ್ದು.
ಕತ್ತಿನ ಉಣ್ಣೆವಸ್ತ್ರ ಬಿಚ್ಚಿ ಒರೆಸುತ್ತ
ಈಸಲ್ಮಿಯ ತನಕ ಬಗ್ಗಿಕೊಂಡೇ ಓಡಿಸಿದೆ,
ದೀಪದ ಕಂಬಗಳಿಗೆಲ್ಲ ಹತ್ತಿಯ ತಲೆ.

ಉರ್ಹೋ ಬೇಲಿಯಾಚೆಯಿಂದ ಕೇಳಿದ್ದು ಒಂದೇ ಮಾತು:
"ಕಾಲಿಗೆ ಬಿಸಿ ಬರುತ್ತಾ?"
ಬರುತ್ತೆ, ಅಂದೆ. ಎಡಗಾಲಿಗೆ ಮಾತ್ರ.
ಅವನು ಕೈಗವಸು ಕಳಚಿದ.
ನಲವತ್ತು ವರ್ಷ ರೈಲು ಎಂಜಿನ್ನುಗಳ ಹೊಟ್ಟೆ ಬಗೆದವನು
ನನ್ನ ಸಾಸಿವೆ ಹಳದಿಯ ಡಾಟ್ಸನ್ನಿನ ಬಾನೆಟ್ಟನ್ನು
ಊಟದ ಡಬ್ಬಿಯ ಮುಚ್ಚಳದಂತೆ ಎತ್ತಿ, ಮತ್ತೆ ಇಳಿಸಿದ.
"ನಾಳೆ. ತಣ್ಣಗಾಗಲಿ.
ಬಿಸಿಯಿದ್ದಾಗ ಕೈ ಹಾಕಿದವರ ಮುಖ ನೋಡಿದ್ದೇನೆ."

ಹೋಸು ಎರಡು.
ಎಂಜಿನ್ನಿನಿಂದ ಹೊರಟು ತಗಡಿನ ಗೋಡೆ ತೂರಿ
ಹೀಟರಿಗೆ ಹೋಗುವುದೊಂದು,
ಬಿಸಿ ಕೊಟ್ಟು ವಾಪಸು ಬರುವುದೊಂದು.
"ಕಣ್ಣಲ್ಲಿ ನೋಡಬೇಡ ಲೆಂಪಿ, ಹಿಚುಕು."
ಹಿಚುಕಿದೆ. ನಡುವೆ ಗಟ್ಟಿ.
ಕ್ಲಾಂಪಿನ ಹತ್ತಿರ ಹೆಬ್ಬೆರಳು ಒಳಗಿಳಿಯಿತು,
ಬಿಟ್ಟರೂ ಗುಳಿ ಮೇಲೇಳಲಿಲ್ಲ.
ಬಾಗಿಸಿದಾಗ ಸಣ್ಣ ಗೆರೆಗಳು ಬಾಯಿಬಿಟ್ಟವು.

ಕ್ಲಾಂಪಿನ ಸ್ಕ್ರೂ ತಿರುಗಲಿಲ್ಲ.
ಎಣ್ಣೆ ಬಿಟ್ಟು ಕಾಫಿ ಕುಡಿದೆವು.
ತಿರುಗಿತು. ಹೋಸು ಬರಲಿಲ್ಲ.
ನಾನು ಎಳೆಯಹೋದೆ,
ಕೈಮೇಲೆ ಒಂದು ಏಟು, ಮೆಲ್ಲಗೆ.
"ಎಳೆದರೆ ಆಚೆಯ ತಾಮ್ರದ ಕೊಳವೆ ಬಾಗುತ್ತೆ,
ಐವತ್ತು ಮಾರ್ಕಿನ ಕೆಲಸ ಐನೂರರದ್ದಾಗುತ್ತೆ. ಸೀಳು."
ಮೀನು ಹೆರೆಯುವ ಚಾಕು ತಂದೆ.
ಉದ್ದಕ್ಕೆ ಸೀಳಿದಾಗ ತಾನಾಗಿ ತೆರೆದುಕೊಂಡಿತು:
ರಬ್ಬರು ಪದರ ಪದರ ಎದ್ದು,
ನೂಲಿನ ಎಳೆಗಳು ನೆನೆದು ಊದಿ,
ನೀರಿಗೆ ಉಳಿದಿದ್ದ ದಾರಿ ಪೆನ್ಸಿಲಿನಷ್ಟು.
ಇಪ್ಪತ್ತು ಚಳಿಗಾಲ ನನ್ನ ಕಾಲು ಬೆಚ್ಚಗಿದ್ದದ್ದು
ಈ ಗಂಟಲಿನಿಂದಲೇ.

ನಾನು ಕೊಂಡು ತಂದದ್ದು ಮೀಟರಿಗೆ ತುಸು ಕಡಿಮೆ,
ಉರುಳೆಯಲ್ಲಿ ಇದ್ದದ್ದೇ ಅಷ್ಟು ಎಂದಿದ್ದಳು ಅಂಗಡಿಯ ಹುಡುಗಿ.
ಸಾಕಲ್ಲ, ಅಂದೆ, ಕೆಟ್ಟಿರುವುದು ಒಂದೇ ತಾನೆ.
"ಎರಡೂ ಬದಲಿಸಬೇಕು."
ಇನ್ನೊಂದು ಸೋರುತ್ತಿಲ್ಲವಲ್ಲ?
"ಎರಡಕ್ಕೂ ಒಂದೇ ವಯಸ್ಸು.
ಒಂದೇ ದಿನ, ಒಂದೇ ನೀರು ಕುಡಿದು ಶುರುಮಾಡಿದವು.
ಒಂದು ಹೋದ ಮೇಲೆ ಇನ್ನೊಂದು..."

ಅಲ್ಲಿಗೆ ನಿಲ್ಲಿಸಿ ಸ್ಕ್ರೂಡ್ರೈವರು ಹುಡುಕಿದ.
ಅದು ಅವನ ಕೈಯಲ್ಲೇ ಇತ್ತು.
ಏಪ್ರಿಲಿನಲ್ಲಿ ತೈಸ್ತೋ ಹೋದ,
ಇವನಿಗಿಂತ ಹನ್ನೊಂದು ನಿಮಿಷ ದೊಡ್ಡವನು.
ನೆಲ ಇನ್ನೂ ಹೆಪ್ಪುಗಟ್ಟಿತ್ತು,
ಗುಂಡಿ ತೋಡಲು ಯಂತ್ರ ತರಿಸಿದ್ದರು.

ನಾನು ಏನೂ ಅನ್ನಲಿಲ್ಲ. ಸೋಪಿನ ನೀರು ಕಲಸಿಕೊಟ್ಟೆ.
ಹೊಸ ಹೋಸಿನ ಬಾಯಿ ಅದ್ದಿ
ತಿರುವುತ್ತ ತಿರುವುತ್ತ ಕೊಳವೆಗೆ ಏರಿಸಿದ,
ಮಗುವಿಗೆ ಬೂಟು ತೊಡಿಸುವವರ ಸಹನೆಯಲ್ಲಿ.
ಕ್ಲಾಂಪು ಬಿಗಿದ, ಅತಿಯಾಗಿ ಅಲ್ಲ.
ಹೀಟರಿನ ಸನ್ನೆ ಕೆಂಪಿಗೆ ಎಳೆದು
ಹಸಿರು ನೀರು ತುಂಬಿ ಚಾಲು ಮಾಡಿದೆ.
ಡ್ಯಾಶ್‌ಬೋರ್ಡಿನ ಹಿಂದೆ ಗಾಳಿ ಗುಳುಗುಳು ಅಂದಿತು,
ಮಾತಾಡಲು ಹೊರಟವರು ಬೇಡವೆಂದು ನುಂಗಿಕೊಂಡಂತೆ.
ಆಮೇಲೆ ಎರಡೂ ಕಾಲಿಗೆ ಬಿಸಿ.

ಸೋಮವಾರ ಕುವೊಪಿಯೊದಿಂದ ಪೂರ್ತಿ ಒಂದು ಮೀಟರು ತಂದೆ.
ಗ್ಯಾರೇಜಿನ ಮೊಳೆಗೆ ಸುತ್ತಿಕೊಂಡಿದೆ,
ಸ್ಕೀ ಕೋಲುಗಳ ಪಕ್ಕ, ಚೀಟಿ ಕೂಡ ಹರಿದಿಲ್ಲ.
ನೋಡಿದ. ಹಾಕೋಣ ಅನ್ನಲಿಲ್ಲ, ನಾನೂ ಕೇಳಲಿಲ್ಲ.
ಶನಿವಾರ ಶನಿವಾರ ಬರುತ್ತಾನೆ ಉರ್ಹೋ,
ಬಾನೆಟ್ಟು ಎತ್ತಿ ಹಳೆಯದನ್ನು ಹಿಚುಕುತ್ತಾನೆ,
ಮೊದಲು ಈ ತುದಿ, ಆಮೇಲೆ ಆ ತುದಿ,
ನಡುವೆ ಸ್ವಲ್ಪ ಹೊತ್ತು ಕೈ ಇಟ್ಟಿರುತ್ತಾನೆ.
"ಇನ್ನೂ ಇದೆ," ಅನ್ನುತ್ತಾನೆ.
ನಾನು ಕಾಫಿಗೆ ನೀರಿಡುತ್ತೇನೆ.