ಮುಚ್ಚಳ ತೆಗೆದ ಮೇಲೆ

ಪೊಯಿಯ ಬೋಗುಣಿಗೆ ಮುಚ್ಚಳ ತೆಗೆದ ಮೇಲೆ
ಜಗಳ ಆಡಬಾರದು ನಮ್ಮನೆಯಲ್ಲಿ.
ಬೇಯಿಸಿ ಜಜ್ಜಿದ ಕೆಸವಿನ ಗೆಡ್ಡೆ, ಬೂದುನೇರಳೆ ಬಣ್ಣದ್ದು.
ಅಜ್ಜಿ ಟೂಟೂ ಬಯ್ಯುವುದಿಲ್ಲ,
ಅದರ ಕಡೆ ಗಲ್ಲ ತೋರಿಸಿ
"ಅವನು ಕೇಳಿಸ್ಕೊಳ್ತಾನೆ" ಅಂತಾಳೆ, ಅಷ್ಟೇ.

ಯಾರು ಅವನು, ನಾನು ಕೇಳಿರಲಿಲ್ಲ ಇಪ್ಪತ್ತೆರಡು ವರ್ಷ.
ಹಿಲೊ ವಿಮಾನ ನಿಲ್ದಾಣದಲ್ಲಿ ಬಾಡಿಗೆ ಕಾರಿನ ಕೌಂಟರು ನನ್ನದು,
ಎದೆಯ ಬಿಲ್ಲೆಯ ಮೇಲೆ "ಡಾನಾ".
ನೀನು ನಿಜವಾದ ಹವಾಯಿಯವಳಾ? ಕೇಳುತ್ತಾರೆ ಪ್ರವಾಸಿಗಳು.
ನಗುತ್ತೇನೆ. ಕೀಲಿ ಕೊಡುತ್ತೇನೆ.
ಟ್ಯಾಂಕು ತುಂಬಿಸಿ ತನ್ನಿ ಎನ್ನುತ್ತೇನೆ.

ಆ ಭಾನುವಾರ ಮಾತು ತೆಗೆದವಳು ಕವೇಹಿ, ಚಿಕ್ಕಮ್ಮನ ಮಗಳು:
ವೈಪಿಯೊ ಕಣಿವೆಯ ಗದ್ದೆ ಮಾರೋಣ,
ವೇಗಸ್ಸಿನಲ್ಲಿ ಅದೇ ದುಡ್ಡಿಗೆ ಮೂರು ಕೋಣೆಯ ಮನೆ.
ನಾನೂ ಬಿಡಲಿಲ್ಲ. ಮುಚ್ಚಳ ತೆಗೆದೇ ಇತ್ತು.

ಟೂಟೂ ಎದ್ದಳು.
ಹಳೇ ಟ್ರಕ್ಕಿಗೆ ನಮ್ಮಿಬ್ಬರನ್ನೂ ಹತ್ತಿಸಿ
ಕಡಿದಾದ ದಾರಿಯಲ್ಲಿ ಇಳಿಸಿದಳು, ಮೊದಲ ಗೇರಿನಲ್ಲಿ, ಮಾತಿಲ್ಲದೆ.
ಮೊಣಕಾಲಿನವರೆಗೆ ಕೆಸರು.
ಗಾಳಿಯಿಲ್ಲದೆಯೂ ನಡುಗುವ ಎಲೆ.

ಬಾನಪ್ಪನಿಗೂ ಬಾನಿಗೆ ಚುಕ್ಕಿ ಇಟ್ಟವಳಿಗೂ ಹುಟ್ಟಿದ ಮೊದಲ ಕೂಸು
ಉಸಿರಿಲ್ಲದೆ ಬಂತು. ಮನೆಯ ಮೂಡಲಿಗೆ ಹೂಳಿದರು.
ಅಲ್ಲಿ ಎದ್ದದ್ದು ಕೆಸು, ಹಾಲೊವಾ.
ಎರಡನೆಯದು ಮನುಷ್ಯ, ಅವನಿಗೂ ಅದೇ ಹೆಸರು.
ಅಣ್ಣ ಉಣಿಸಬೇಕು, ತಮ್ಮ ಕಳೆ ಕೀಳಬೇಕು.
ಇದು ಶಾಲೆಯ ಗೋಡೆಯ ಮೇಲೂ ಇತ್ತು, ಬಣ್ಣ ಬಳಿದದ್ದು.
ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರೆದಿದ್ದೆ.

ಇದನ್ನು ಬರೆದಿರಲಿಲ್ಲ:
ನನಗಿಂತ ಎರಡು ವರ್ಷ ಮುಂಚೆ, ಏಳು ತಿಂಗಳಿಗೆ,
ಅಮ್ಮನಿಗೊಂದು ಗಂಡು.
ಆಸ್ಪತ್ರೆಯವರು ಕೊಟ್ಟ ಪೆಟ್ಟಿಗೆ
ಚಪ್ಪಲಿ ಡಬ್ಬಿಗಿಂತ ಹಗುರ.
"ನಿಮ್ಮಮ್ಮ ಮಲಗಿದ್ಲು. ನಾನೇ ತಂದು ಇಟ್ಟೆ. ಈ ಮೂಲೆ,"
ಅಂದಳು ಟೂಟೂ, ಬೆರಳಿನಿಂದಲ್ಲ,
ಇಡೀ ಅಂಗೈ ಬಿಚ್ಚಿ ತೋರಿಸಿ.

ಇಷ್ಟು ವರ್ಷ ನಾನುಂಡದ್ದು
ಯಾರ ಕೈತುತ್ತು.

ಕವೇಹಿ ಏನೋ ಹೇಳಹೋಗಿ, ಬಗ್ಗಿ, ಕಳೆ ಕೀಳತೊಡಗಿದಳು.
ಮಾರುವುದಿಲ್ಲ ಅಂತೇನೂ ಹೇಳಲಿಲ್ಲ.
ಅವಳ ಬಣ್ಣದ ಉಗುರಿನ ತುಂಬ ಕೆಸರು.

ಕೆಸವಿನ ರಸ ತಗಲಿ ನನಗೆ ಮೊಣಕೈವರೆಗೂ ತುರಿಕೆ.
ಸೋಮವಾರ ಕೌಂಟರಿನಲ್ಲಿ ಕೆರೆದುಕೊಳ್ಳುತ್ತ ನಿಂತಿದ್ದಾಗ
ಗಿರಾಕಿಯೊಬ್ಬ ಕೇಳಿದ, ಸೊಳ್ಳೆಯಾ?
ಅಲ್ಲ, ಎಂದೆ.
ನಮ್ಮಣ್ಣ.