ಮೊದಲ ಸೆಮಿಸ್ಟರ್, ಘಟಕ ಎರಡು

ನೋಟ್ಸಿನಲ್ಲಿದ್ದ ಉದಾಹರಣೆ: ‘ಹೊತ್ತು ಮುಳುಗಿತು.’
ಕಳ್ಳನಿಗೊಂದು ಅರ್ಥ, ದನಗಾಹಿಗೊಂದು,
ಕಾಯುವವಳಿಗೆ ಬೇರೆಯೇ.
ಹದಿನೇಳು ಜನ ತಲೆಯೆತ್ತದೆ ಬರೆದುಕೊಂಡರು.
ಜುಲೈನ ವಿರಾಜಪೇಟೆಯಲ್ಲಿ ಹೊತ್ತು ಮುಳುಗಿದ್ದು
ಯಾರಿಗೆ ಕಾಣುತ್ತದೆ?

ಒರೆಸಿ, ಅದೇ ಜಾಗದಲ್ಲಿ ಬರೆದೆ: ‘ಆನೆ ಬಂದಿದೆ.’

ಬೆನ್ನುಗಳು ನೆಟ್ಟಗಾದವು.
ಬಸ್ಸು ಇವತ್ತು ಸುತ್ತಿ ಹೋಗುತ್ತೆ, ಅಂದಳು ಸುಹರಾ.
ಹಲಸು ಇಳಿಸಲಿಲ್ಲ ಅಂತ ಅಜ್ಜ ಬೈತಾರೆ, ಅಂದ ಬೋಪಯ್ಯ.
ರೈಟರಿಗೆ, ನಾಳೆ ಆಳು ಕಮ್ಮಿ.
ಹಿಂದಿನ ಬೆಂಚಿಗೆ, ಕ್ಲಾಸಿಲ್ಲ.
ಇನ್ಯಾರೋ ಸುಮ್ಮನೆ ಕಿಟಕಿ ನೋಡಿದರು.

ಹೇಳಿದ್ದು ಒಂದು, ಮುಟ್ಟಿದ್ದು ಐದು, ನೋಡಿ!
ಗಂಟೆ ನಿಂತ ಮೇಲೂ ಕಿವಿಯಲ್ಲಿ ಉಳಿಯುವುದಕ್ಕೆ
ಹಳಬರು ಧ್ವನಿ ಎಂದರು.

ಗೆದ್ದ ಹುರುಪು. ಮುಂದಿನ ಘಟಕಕ್ಕೂ ಕೈ ಹಾಕಿದೆ.
ಜನವರಿಯ ಕಣದಲ್ಲಿ ಚೆರಿ ಬೇರೆ, ಪಾರ್ಚ್‌ಮೆಂಟ್ ಬೇರೆ
ಹರವಿದ ಹಾಗೆ ಹಲಗೆಯಲ್ಲಿ ಚೌಕ ಎಳೆದೆ.
ಇದೇ ಆನೆಯನ್ನು ಯುದ್ಧಕ್ಕೆ ಹೂಡಿ
ಹದಿನೆಂಟು ವರ್ಣನೆ ಕಟ್ಟಿದರೆ ಮಹಾಕಾವ್ಯ.
ತೆರೆಯ ಹಿಂದೆ ಘೀಳಿಟ್ಟರೆ ಸಾಕು, ನಾಟಕ.
ಆನೆಯ ಹಾದಿಗೆ ಬೇಲಿ ಹಾಕಿದವರು ಯಾರು ಎಂದು
ಮೂರು ತಲೆಮಾರು ಹಿಂದಕ್ಕೆ ನಡೆದು,
ನಡುವೆ ಒಂದು ಮದುವೆ, ಎರಡು ವ್ಯಾಜ್ಯ, ಕಾದಂಬರಿ.
ಹೆಜ್ಜೆಗುಂಡಿಯಲ್ಲಿ ನಿಂತ ನೀರು, ಅದರಲ್ಲಿ ನಿನ್ನ ಮುಖ:
ಭಾವಗೀತೆ.

ಚೋಮಿ ಕೈ ಎತ್ತಿದಳು. ಸೇರಿದಾಗಿನಿಂದ ಮೊದಲ ಸಲ.
‘ಫಾರೆಸ್ಟಿನವರು ಬರೆದ ಮಹಜರು, ಮೇಡಂ?’
ಅದು ಸಾಹಿತ್ಯವಲ್ಲ, ಎಂದೆ, ತಟ್ಟನೆ.

‘ಅದರಲ್ಲಿ ಅಪ್ಪ ಒಂದೇ ಸಾಲು.
ಬೆಳಿಗ್ಗೆ ಆರೂಕಾಲು, ಲೈನ್‌ಮನೆ ದಾರಿ, ಟಾರ್ಚ್ ಇರಲಿಲ್ಲ.
ಅಜ್ಜಿ ರಾತ್ರಿಯೆಲ್ಲ ಹೇಳಿದಳು, ಮಾವ ದುಡಿ ಬಡಿದ.
ಅದರಲ್ಲಿ ಅಪ್ಪ ಇನ್ನೂ ನಡೀತಾನೇ ಇದ್ದಾನೆ.
ಟಾರ್ಚೂ ಇದೆ.
ಅದು ಯಾವ ಚೌಕ?’

ಐದು ಎಂದು ಎಣಿಸಿದ್ದೆ ನಾನು.

ಶೋಕವು ಕರುಣರಸವಾಗಲು ಸ್ವಲ್ಪ ದೂರ ಬೇಕು,
ಪುಟ ನಲವತ್ತೊಂದು, ನಾನೇ ಗೆರೆ ಎಳೆದಿದ್ದೇನೆ.
ಅವಳಿಗೂ ನನಗೂ ನಡುವೆ ಎರಡು ಬೆಂಚು.

ಗಂಟೆ ಹೊಡೆಯಿತು. ಚೌಕಗಳನ್ನು ಒರೆಸಿದೆ.
ಆ ಎರಡು ಪದಕ್ಕೆ ಕೈ ಹೋಗಲಿಲ್ಲ.
ಮುಂದಿನ ಪೀರಿಯಡ್ ಕಾಮರ್ಸಿನವರದು;
ಕಾರಿಡಾರಿನ ತಿರುವಿನಲ್ಲಿ ಕೇಳಿಸಿತು,
ಯಾರೋ ಗಟ್ಟಿಯಾಗಿ ಓದಿ ನಕ್ಕಿದ್ದು,
ಆಮೇಲೆ, ಕಿಟಕಿ ಮುಚ್ಚಿದ್ದು.