ಹತ್ತಕ್ಕೊಂದು

ಜಾಯಿಕಾಯಿ ಬಾಯಿಬಿಟ್ಟ ದಿನವೇ ಬೀಜ ಊರಬೇಕು.
ತಡವಾದರೆ ಒಳಗೆ ಗಲಗಲ ಎನ್ನತೊಡಗುತ್ತದೆ,
ಮಕ್ಕಳಿಗೆ ಆಡಲು ಕೊಡಬಹುದು, ಅಷ್ಟೆ.
ಸುಂಟಿಕೊಪ್ಪದ ನಮ್ಮ ಮನೆ ಹಿಂದೆ, ಬಚ್ಚಲ ನೀರು ಹೋಗುವ ಕಡೆ
ಮರಳು, ಹುಡಿಮಣ್ಣು, ಮೇಲೊಂದು ಹರಿದ ಗೋಣಿ.
ನಲವತ್ತು ದಿನ ಏನೂ ಇಲ್ಲ.
ಆಮೇಲೊಂದು ಬೆಳಿಗ್ಗೆ ಕೆಂಪು ಕುಡಿ, ಕುತ್ತಿಗೆ ಬಗ್ಗಿಸಿಕೊಂಡು,
ಕರೆದದ್ದು ತನ್ನನ್ನೇ ಹೌದೋ ಅಲ್ಲವೋ ಎಂಬ ಹಾಗೆ.

ಗಂಡೋ ಹೆಣ್ಣೋ, ಅದಕ್ಕೇ ಗೊತ್ತಿಲ್ಲ.

ಉರುಟು ಬೀಜ ಹೆಣ್ಣು, ಉದ್ದದ್ದು ಗಂಡು ಎಂದರು ಸಂತೆಯಲ್ಲಿ.
ಎಲೆಯ ನರ ಎಣಿಸು ಎಂದ ತೋಟದ ರೈಟರ್.
ದಾರಕ್ಕೆ ಉಂಗುರ ಕಟ್ಟಿ ಬೀಜದ ಮೇಲೆ ಹಿಡಿ,
ಸುತ್ತಿದರೆ ಹೆಣ್ಣು, ತೂಗಿದರೆ ಗಂಡು.
ಹಿಡಿದೆ. ಹನ್ನೊಂದಕ್ಕೆ ಹನ್ನೊಂದೂ ಸುತ್ತಿತು.
ಏಳು ವರ್ಷ ಗೊಬ್ಬರ ಹೊತ್ತ ಮೇಲೆ ಆರು ಗಂಡು:
ಗೊಂಚಲು ಗೊಂಚಲು ಹೂ, ಒಂದೂ ನಿಲ್ಲದೆ
ಬುಡದಲ್ಲಿ ಅಕ್ಕಿ ಚೆಲ್ಲಿದ ಹಾಗೆ.
ಉಂಗುರ ಈಗಲೂ ಬೆರಳಲ್ಲೇ ಉಂಟು,
ಅದರ ಮಾತು ಕೇಳುವುದಿಲ್ಲ.

ಕಸಿ ಕಲಿಸಿದ್ದು ಐಸುಮ್ಮ.
ಅವಳ ಬ್ಲೇಡು ಗಂಡನ ಗಡ್ಡದ್ದು; ಅವನು ಹೋಗಿ ಎಷ್ಟೋ ವರ್ಷವಾದರೂ
ಪ್ಯಾಕೆಟ್ ತರುವುದು ನಿಲ್ಲಿಸಿರಲಿಲ್ಲ.
"ಕಾಯಿ ಬಿಟ್ಟು ತೋರಿಸಿದವಳ ನೆತ್ತಿಯಿಂದ ತಾ.
ಅಡ್ಡ ಕೊಂಬೆ ಬೇಡ.
ಅಡ್ಡ ಕೊಂಬೆ ಎಲ್ಲಿ ಇಟ್ಟರೂ ಅಡ್ಡವೇ ಹೋಗ್ತದೆ."
ಎಳೆ ಕಾಂಡದ ನಡುವೆ ಸೀಳು,
ಸೀಳಿನೊಳಗೆ ಚೂಪು ಮಾಡಿದ ಕುಡಿ,
ಒಂದು ಬದಿಯಾದರೂ ಸಿಪ್ಪೆಗೆ ಸಿಪ್ಪೆ ತಾಗಬೇಕು.
ಐಸ್‌ಕ್ಯಾಂಡಿ ತೊಟ್ಟೆಯನ್ನು ಟೋಪಿಯಂತೆ ಹಾಕಿ
ಕಟ್ಟುವಾಗ ಅವಳು ಉಸಿರು ಬಿಗಿಹಿಡಿಯುತ್ತಿದ್ದಳು.
ನಾನೂ ಹಿಡಿಯುತ್ತೇನೆ; ಅದರಿಂದೇನೂ ಆಗದು, ಆದರೂ.
ಕೆಳಗೆ ಬೇರು ಯಾರದೇ ಇರಲಿ,
ಮೇಲೆ ಅವಳೇ.

ಬಿದ್ದಪ್ಪನವರು ಮುನ್ನೂರು ಗಿಡಕ್ಕೆ ಜೀಪು ತಂದರು.
"ಎಲ್ಲ ಹೆಣ್ಣೇ ತಾನೆ?"
ಹೆಣ್ಣೇ.
"ಒಂದೂ ತಪ್ಪಿ ಗಂಡು ಬರಬಾರದು, ನೋಡಮ್ಮ."
ಬರುವುದಿಲ್ಲ.
ರಸೀತಿಗೆ ಹೆಸರು ಬೇಕೆಂದರು, ಬರೆದುಕೊಟ್ಟೆ: ಸಾಕಮ್ಮ.
ಐದನೆಯವಳು. ಅಪ್ಪ ಪ್ರೀತಿಯಿಂದಲೇ ಇಟ್ಟ ಹೆಸರು
ಎನ್ನುತ್ತಿದ್ದಳು ಅವ್ವ, ಒಲೆಯ ಕಡೆ ತಿರುಗಿಕೊಂಡು.
ಬಿದ್ದಪ್ಪನವರು ಓದಿದರು. ಚೀಟಿ ಮಡಚಿ
ಜೇಬಿಗೆ ಹಾಕಿದವರು ಮತ್ತೆ ತೆಗೆದು ಓದಿದರು.
ಆಮೇಲೆ ಗಿಡ ಹೊರುತ್ತಿದ್ದ ಆಳಿಗೆ ಸುಮ್ಮನೆ ಬೈದರು:
"ಮೆಲ್ಲ ಇಡೋ, ಕುತ್ತಿಗೆ ಹಿಡಿಯಬೇಡ."

ಜೀಪು ಹೊರಡುವಾಗ ಹತ್ತಕ್ಕೊಂದರಂತೆ
ಮೂವತ್ತು ಗಂಡು ಹಿಂದೆ ಇಟ್ಟೆ.
"ಇವು ದಂಡಕ್ಕೆ ಯಾಕೆ?"
ಇವಕ್ಕೆ ದುಡ್ಡಿಲ್ಲ. ನಡುನಡುವೆ ನೆಡಿ.
ಹೂವಿಂದ ಹೂವಿಗೆ ಹೋಗುವ ಸಣ್ಣ ಹುಳಕ್ಕೆ
ಹೊರಡಲೊಂದು ಮನೆ ಬೇಕಲ್ಲ.

ಬೇಲಿ ಬದಿಯ ನನ್ನ ಹಳೇ ಗಂಡು ಮರ,
ಆ ಆರರಲ್ಲಿ ಕಡಿಯದೆ ಉಳಿಸಿದ್ದು,
ಹೋದ ಮಳೆಗಾಲ ಒಂದು ಕಾಯಿ ಬಿಟ್ಟಿತು.
ಒಂದೇ. ನಿಂಬೆಗಿಂತ ಚಿಕ್ಕದು.
ಐಸುಮ್ಮ ಮಂಡಿನೋವಿನಲ್ಲೂ ನಡೆದು ಬಂದು,
ಕೊಡೆ ಮಡಚಿ, ಅದರ ಕೆಳಗೆ ಬಹಳ ಹೊತ್ತು ನಿಂತಳು.
"ಯಾರಿಗೂ ಹೇಳಬೇಡ," ಅಂದಳು, "ವ್ಯಾಪಾರ ಕೆಡ್ತದೆ."
ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಒಡೆದಾಗ ಒಳಗೆ ಅದೇ ಕೆಂಪು ಜಾಪತ್ರೆ,
ಒಂದೆಳೆ ಕಡಿಮೆಯಿಲ್ಲ.

ಬೀಜ ಆ ದಿನವೇ ಊರಿದೆ.
ಕುಡಿ ಬಂದಿದೆ. ಬ್ಲೇಡು ತಾಗಿಸಿಲ್ಲ, ಚೀಟಿ ಕಟ್ಟಿಲ್ಲ.
ಕೊಳ್ಳಲು ಬಂದವರು ಕೇಳಿದರೆ
ಅದು ಮಾರಾಟಕ್ಕಲ್ಲ ಎನ್ನುತ್ತೇನೆ.
ಏನದು ಎಂದು ಕೇಳಿದರೆ
ಏಳು ವರ್ಷ ಬಿಟ್ಟು ಬನ್ನಿ.